ಬಾಗಿಲ ಪಕ್ಕದ ಮೊಳೆ

ಲಕ್ವಾ ಹೊಡೆದ ಮೇಲೆ ಶಿವಗಂಗಾಬಾಯಿಗೆ ಮಾತು ಹೊರಡುತ್ತಿರಲಿಲ್ಲ. ಮಗ ಸೂರ್ಯಕಾಂತನಿಗೆ ಉಮರ್ಗಾದ ಬಜಾರಿನಲ್ಲಿ ಬಟ್ಟೆ ಅಂಗಡಿ, ಹಗಲೆಲ್ಲ ಅಲ್ಲೇ. ತಾಯಿಯನ್ನು ನೋಡಿಕೊಳ್ಳಲು ಕಾಜಲ ಎಂಬ ಹೆಂಗಸನ್ನು ಇಟ್ಟಿದ್ದ.

ಕಾಜಲಳ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ಮುದುಕಿ ಬೀಳದಿರಲೆಂದು ಮಂಚಕ್ಕೆ ಕಂಬಿ ಹಾಕಿಸಿದ್ದಳು. ಈ ಮುಂಜಾನೆ, ಕೊರಳಿನ ಶಿವದಾರ ಕಂಬಿಗೆ ಸಿಕ್ಕಿ ಉಸಿರು ಕಟ್ಟೀತೆಂದು ಹೆದರಿ, ಅದನ್ನು ಲಿಂಗದ ಕರಡಿಗೆ ಸಮೇತ ತೆಗೆದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಅವಳ ಮನೆಯಲ್ಲಿ ಲಿಂಗ ಕಟ್ಟುವ ರೂಢಿ ಇರಲಿಲ್ಲ. ಅಂಗೈಯಲ್ಲಿಟ್ಟು ಪೂಜಿಸದೆ ಶಿವಗಂಗಾಬಾಯಿ ಜನ್ಮದಲ್ಲಿ ಉಂಡವಳಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಸಂಜೆ ಸೂರ್ಯಕಾಂತ ಬಂದ.

"ದಾದಾ, ಆಜಿ ಮುಂಜಾನಿಂದ ಬಾಯಿನೇ ತೆರದಿಲ್ರೀ. ಗಂಜಿ ಹಂಗೇ ಅದ," ಎಂದಳು ಕಾಜಲ.

ಅವನು ಮಂಚದ ಬಳಿ ಬಗ್ಗಿದ. "ಯಾಕವ್ವಾ, ಹಸಿವಿ ಇಲ್ಲೇನು?"

ತಾಯಿ ಎಡಗೈಯನ್ನು ಬರಿಗೊರಳ ಮೇಲಿಟ್ಟು ಬಾಗಿಲ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

"ಗಂಟಲಾ ನೋಯ್ತದೇನು? ಗಾಳಿ ಬರಾಕತ್ತದ, ತಡಿ," ಎಂದು ಅವನು ಬಾಗಿಲು ಮುಚ್ಚಿದ. ಬೆವರಿದ್ದ ಅಂಗಿ ಕಳಚಿ ಅದೇ ಮೊಳೆಗೆ, ಕರಡಿಗೆಯ ಮೇಲೆಯೇ ಹಾಕಿದ.

ಅವನ ಕೊರಳೂ ಬರಿದಾಗಿತ್ತು.