ಕೊನೆಯ ಗುಂಪಿನ ಸರದಿ

"ಲೇ ಉಚ್ಚೆ ತುಳಿಯೋ ನನ್ಮಗನೆ, ಏನೋ ಇದು ಕಲೆ?"

ಒಪಿಟೆರ್ ಧಣಿ ಮೈಗೆ ಸುತ್ತುವ ತನ್ನ ಬಿಳಿ ತೋಗಾವನ್ನು ನನ್ನ ಮುಖಕ್ಕೇ ಎಸೆದ. ನಾನು ತೊಟ್ಟಿಯಲ್ಲಿ ಮೊಣಕಾಲುದ್ದ ಉಚ್ಚೆಯೊಳಗೆ ನಿಂತು ಬಟ್ಟೆ ತುಳಿಯುತ್ತಿದ್ದೆ. ರೋಮಿನ ದೊಡ್ಡವರ ಬಟ್ಟೆ ಬೆಳ್ಳಗಾಗುವುದೇ ಹೀಗೆ. ಬೀದಿ ಮೂಲೆಯಲ್ಲಿ ನಾವಿಟ್ಟ ಮಡಕೆಗೆ ಬಡವರು ಹೊಯ್ದದ್ದನ್ನು ಹೊತ್ತು ತಂದು, ಹುಳಿ ಬರಿಸಿ, ಅದರಲ್ಲಿ ನೆನೆಸುತ್ತೇವೆ. ಆ ಬಟ್ಟೆಯನ್ನೇ ಸುತ್ತಿಕೊಂಡು ಅವರು ದೇವರ ಮುಂದೆ ನಿಲ್ಲುತ್ತಾರೆ. ನಾವು ಎದುರಾದರೆ ಮಾತ್ರ ಮೂಗು ಮುಚ್ಚುತ್ತಾರೆ.

"ದ್ರಾಕ್ಷಿ ಹೆಂಡದ ಕಲೆ ಬುದ್ದೀ, ಬೇಗ ಹೋಗಾಕಿಲ್ಲ."

"ಹೋಗೋಗಂಟ ನೆನೆಸೋ! ಕಲೆ ಇರೋ ಬಟ್ಟೆ ತೊಟ್ಟಿಯಿಂದ ಈಚೆಗೆ ಬಂದ್ರೆ ನಿನ್ ಚರ್ಮ ಸುಲೀತೀನಿ. ಈಗ ಬೇರೆ ತೋಗಾ ಕೊಡು. ನಾಳೆ ನಿನ್ ಬಾವನ್ನ ಸಾಯಿಸೋ ಸಭೆಗೆ ಬೆಳ್ಳಗೆ ಹೋಗ್ಬೇಕು."

ಪಕ್ಕದ ತೊಟ್ಟಿಯಲ್ಲಿ ನನ್ನ ತಂಗಿ ವೆಟ್ಟಿಯ ಇದ್ದಳು. ತಲೆ ಎತ್ತದೆ ತುಳಿಯುತ್ತಲೇ ಇದ್ದಳು.

ಅವಳ ಗಂಡ ವೊಲೆರೊ ಮಾಡಿದ್ದಿಷ್ಟೆ. ಒಪಿಟೆರ್ ಗೋಮಾಳದೊಳಕ್ಕೆ ಸರಿಸಿದ್ದ ಬಾಂದುಕಲ್ಲನ್ನು ಕಿತ್ತು ಮೊದಲಿನ ಜಾಗದಲ್ಲಿ ನೆಟ್ಟ. ಬಾಂದುಕಲ್ಲು ದೇವರು, ಮುಟ್ಟಿದವನು ಸಾಯಬೇಕು ಎಂದ ಪೂಜಾರಿ. ಧಣಿ ಸರಿಸುವಾಗ ಆ ದೇವರು ನಿದ್ದೆ ಹೋಗಿತ್ತೇನೋ. ಸಾಯಿಸುವ ಮೊದಲು ಜನರನ್ನು ಕೇಳಬೇಕೆಂಬ ಕಾನೂನೂ ಇದೆ. ಜನ ಎಂದರೆ ನಾವೂ ಸೇರಿ ಎಂದು ವೊಲೆರೊ ನಂಬಿದ್ದ, ಹೆಡ್ಡ.

ಮರುದಿನ ಹೊಳೆಬಯಲಿನಲ್ಲಿ ಸಭೆ. ಒಟ್ಟು ನೂರ ತೊಂಬತ್ತಮೂರು ಗುಂಪು, ಗುಂಪಿಗೊಂದು ಮತ. ಕುದುರೆಯವರು, ಹೊಲದವರು ಮೊದಲು. ಏನೂ ಇಲ್ಲದ ನಾವು, ಊರಿನ ಅರ್ಧ ಜನ, ಎಲ್ಲ ಸೇರಿ ಕೊನೆಯ ಒಂದೇ ಗುಂಪು. ತೊಂಬತ್ತೇಳು ಗುಂಪು ಒಂದೇ ಮಾತು ಹೇಳಿದರೆ ಸಭೆ ಮುಗಿಯಿತು. ನನ್ನಪ್ಪ ಸಾಯುವವರೆಗೂ ಆ ಬಿಸಿಲಲ್ಲಿ ನಿಂತ, ಒಮ್ಮೆಯೂ ಅವನ ಸರದಿ ಬರಲಿಲ್ಲ.

ವೊಲೆರೊನನ್ನು ನಡುವೆ ಕಂಬಕ್ಕೆ ಕಟ್ಟಿದ್ದರು. ಅವನು ನಮ್ಮ ಕಡೆಗೇ ನೋಡುತ್ತಿದ್ದ.

"ಸಾಯಲಿ! ಎಂಬತ್ತೆಂಟು!" ಎಂದು ಸಾರುವವನು ಕೂಗಿದ.

"ಅಯ್ಯಾ, ನಮ್ಮನ್ನ ಯಾವಾಗ ಕರೀತೀರಾ?" ಎಂದು ಹಗ್ಗದ ಬಳಿಯ ಭಟನನ್ನು ಕೇಳಿದೆ.

"ಹೆಣ ಹೊರೋಕೆ ಕರೀತೀವಿ, ಇರ್ಲಾ."

"ಸಾಯಲಿ! ತೊಂಬತ್ತೊಂದು!"

ಅಷ್ಟರಲ್ಲಿ ಯಾರೋ ಕಿರುಚಿದರು. "ಬಾವುಟ! ಬಾವುಟ ಇಳೀತು!"

ಹೊಳೆಯಾಚೆ ಗುಡ್ಡದ ಮೇಲೆ ಕೆಂಪು ಬಾವುಟ ಹಾರುತ್ತಿದ್ದರೆ ಮಾತ್ರ ಸಭೆ. ಇಳಿದರೆ ಶತ್ರು ಬಂದನೆಂದು ಅರ್ಥ, ಹಾಕಿದ ಮತವೆಲ್ಲ ರದ್ದು. ದೊಡ್ಡವರು ತೋಗಾ ತೊಡೆಯವರೆಗೆ ಎತ್ತಿಕೊಂಡು ಓಡಿದರು. ಒಪಿಟೆರ್ ಒಂದು ಕಾಲಿನ ಚಪ್ಪಲಿ ಬಿಟ್ಟೇ ಓಡಿದ. ವೊಲೆರೊನನ್ನು ಮತ್ತೆ ಸೆರೆಗೆ ಎಳೆದೊಯ್ದರು. ಸದ್ಯ, ಜೀವ ಇತ್ತು.

ಶತ್ರು ಬರಲೇ ಇಲ್ಲ. ನಾನು ಹಿಂತಿರುಗಿದಾಗ ಬಾವುಟ ನಮ್ಮ ತೊಟ್ಟಿಯಲ್ಲಿತ್ತು, ವೆಟ್ಟಿಯ ಅದನ್ನು ತುಳಿಯುತ್ತಿದ್ದಳು.

ಸಂಜೆಯೊಳಗೆ ಒಪಿಟೆರ್ ಭಟರೊಂದಿಗೆ ನುಗ್ಗಿದ.

"ಯಾವಳೇ ಬಾವುಟ ತಂದೋಳು, ರಂಡೆ?"

"ನಾನೇ ಬುದ್ದೀ. ಕೊಳೆ ಆಗಿತ್ತು. ಒಗೀಬೇಕು ಅಂದೆ, ಕಾವಲಿನೋರು ಬಿಚ್ಚಿಕೊಟ್ರು."

ಕಾವಲಿನವರೂ ನಮ್ಮ ಗುಂಪಿನವರೇ. ಏನೂ ಕೇಳಿರಲಿಲ್ಲ.

"ಎತ್ತೇ ಅದನ್ನ! ಪೂಜಾರಿ ಮಂತ್ರಿಸಿರೋದು ಅದೊಂದೇ. ನಾಳೆ ಸಭೆ ಮುಗೀಬೇಕು!"

"ಕಲೆ ಹೋಗಿಲ್ವಲ್ಲ ಬುದ್ದೀ. ಕಲೆ ಇರೋ ಬಟ್ಟೆ ಈಚೆಗೆ ಬಂದ್ರೆ ಚರ್ಮ ಸುಲೀತೀನಿ ಅಂತ ನೀವೇ ನಿನ್ನೆ ಅಂದ್ರಲ್ಲ."

ಕೈ ಹಾಕಿ ತೆಗೆಯುವಂತೆ ಒಪಿಟೆರ್ ಭಟನಿಗೆ ಸನ್ನೆ ಮಾಡಿದ. ಭಟ ತೊಟ್ಟಿ ನೋಡಿದ, ಧಣಿಯ ಮುಖ ನೋಡಿದ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಣ್ಣಾ, ತೊಟ್ಟೀಲಿ ಉಚ್ಚೆ ಸಾಲ್ದು. ಇನ್ನೂ ಬೇಕು" ಎಂದಳು ವೆಟ್ಟಿಯ.

ಬಯಲಿನಿಂದ ಬಂದ ನಮ್ಮವರು ಬಾಗಿಲಲ್ಲೇ ನೆರೆದಿದ್ದರು. ನಾನು ಹೊಸ್ತಿಲಲ್ಲಿ ಖಾಲಿ ಮಡಕೆ ಇಟ್ಟು ಸಾರುವವನ ಧಾಟಿಯಲ್ಲೇ ಕೂಗಿದೆ.

"ನೂರ ತೊಂಬತ್ತಮೂರನೇ ಗುಂಪು!"

ಸಿಕ್ಕನೆಂಬ ಮುದಿ ಹಮಾಲಿ ಮುಂದೆ ಬಂದು, ಒಪಿಟೆರನಿಗೆ ಕೈಮುಗಿದು, ಬಟ್ಟೆ ಎತ್ತಿ ಮಡಕೆಗೆ ಹೊಯ್ದ.

"ವೊಲೆರೊ ಬದುಕಲಿ" ಎಂದ.

"ಒಂದು!" ಎಂದು ನಾನು ಕೂಗಿದೆ.

ಅವನ ಹಿಂದೆ ಇನ್ನೊಬ್ಬ ಬಂದು ನಿಂತ. ಸಾಲು ಬೀದಿಯ ತುದಿ ದಾಟಿತ್ತು.