ಒಪ್ಪಿಗೆಯಾಗುವ ಬದಲಿ ಬಾಡಿಗೆದಾರ

ಬಾಡಿಗೆ ಕರಾರು ಬರೆಯುವುದು ನನ್ನ ಕಸುಬು. ನೋಂದಣಿ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡಂತೆ ನನ್ನದೊಂದು ಮೇಜು, ಒಂದು ಕಂಪ್ಯೂಟರು, ಕಾಗದ ನುಂಗುವ ಚಟವಿರುವ ಒಂದು ಪ್ರಿಂಟರು. ನಾನು ವಕೀಲನಲ್ಲ. ಆದರೆ ವಕೀಲರಿಗಿಂತ ಉದ್ದದ ವಾಕ್ಯ ಬರೆಯಬಲ್ಲೆ ಎಂಬ ಜಂಭ ಇದೆ, ಅಥವಾ ಇತ್ತು. ಊರಿನ ಅರ್ಧ ಬಾಡಿಗೆದಾರರು ನನ್ನ ಷರತ್ತುಗಳೊಳಗೇ ಮಲಗಿ ಏಳುತ್ತಾರೆ. ಅವರಲ್ಲಿ ನಾನೂ ಒಬ್ಬ ಎನ್ನುವುದೇ ಈ ಕತೆಯ ಗೋಳು.

ನಾವಿದ್ದ ಮಹಡಿ ಮನೆಗೆ ಬಂದಾಗ ಮೂರು ವರ್ಷದ ಕರಾರು ಬರೆದವನು ನಾನೇ. ಮನೆಯೊಡತಿ ಕೆಳಗಡೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ, ಹೂಂಗುಟ್ಟುವುದು ಹೆಚ್ಚು. ಅಂಥವರ ಮುಂದೆ ನನ್ನ ವಿದ್ಯೆ ತೋರಿಸದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. "ನಡುವೆ ಯಾರೂ ನಿಮ್ಮನ್ನ ಬಿಟ್ಟು ಓಡಿಹೋಗಬಾರದು ನೋಡಿ ಅಮ್ಮ, ಅದಕ್ಕೇ ಒಂದು ಷರತ್ತು ಹಾಕ್ತೀನಿ," ಎಂದು ಹೇಳಿ ಹಾಕಿಯೇ ಬಿಟ್ಟೆ. ಅವಧಿಗೆ ಮುನ್ನ ಮನೆ ಖಾಲಿ ಮಾಡುವ ಬಾಡಿಗೆದಾರನು ಉಳಿದ ತಿಂಗಳುಗಳ ಬಾಡಿಗೆಯನ್ನೆಲ್ಲ ಕಟ್ಟತಕ್ಕದ್ದು, ಇಲ್ಲವೇ ಮಾಲೀಕರಿಗೆ ಒಪ್ಪಿಗೆಯಾಗುವ ಬದಲಿ ಬಾಡಿಗೆದಾರನನ್ನು ಕರೆತಂದು ಒಪ್ಪಿಸತಕ್ಕದ್ದು.

ಪಕ್ಕದಲ್ಲಿ ನಿಂತಿದ್ದ ಹೆಂಡತಿ, "ಇದು ಬೀಳೋದು ನಮ್ಮ ತಲೆ ಮೇಲೇ ಅಲ್ವಾ?" ಎಂದಳು.

"ಇದೆಲ್ಲ ನಿನಗೆ ಅರ್ಥ ಆಗಲ್ಲ," ಎಂದೆ. ಮನೆಯೊಡತಿ ಬಾಯಿಂದ ಸೂಜಿ ತೆಗೆದಿಟ್ಟು ಸಹಿ ಹಾಕಿದರು.

ವರ್ಷ ಕಳೆಯಿತು. ಔಷಧಿ ಅಂಗಡಿಯಲ್ಲಿದ್ದ ಹೆಂಡತಿಗೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಶಾಲೆ ಶುರುವಾಗುವ ಹೊತ್ತಿಗೆ ಮಗಳನ್ನೂ ಕರೆದುಕೊಂಡು ಹೊರಟಳು. ನಾನು ಹಿಂದೆಯೇ ಹೋಗುವುದೆಂದು ಮಾತಾಗಿತ್ತು. ಅಂದರೆ ನಾನು ಮಾತಾಡಿದ್ದೆ, ಅವಳು ಪೆಟ್ಟಿಗೆ ಕಟ್ಟುತ್ತಿದ್ದಳು. ನನ್ನದು ಒಂದು ಮೇಜಿನ ಉದ್ಯೋಗ. ಯಾವ ಊರಿನ ಯಾವ ಕಚೇರಿಯ ಎದುರಿಗಾದರೂ ಹಾಕಬಹುದು. ಇದನ್ನೇ ಹೇಳಲು ಕೆಳಗಿಳಿದಾಗ ಮನೆಯೊಡತಿ ಮೆಷಿನ್ ತುಳಿಯುವುದನ್ನು ನಿಲ್ಲಿಸಿದರು.

"ವಕೀಲರೇ, ಷರತ್ತು ನಿಮ್ಮದೇ. ಬದಲಿ ಜನ ತನ್ನಿ, ಹೋಗಿ," ಎಂದರು.

ಉಳಿದ ತಿಂಗಳುಗಳ ಬಾಡಿಗೆಯನ್ನೆಲ್ಲ ಒಟ್ಟಿಗೆ ಕಟ್ಟಿ ಹೊರಡುವ ಕುಳ ನಾನಲ್ಲ. ಮಗಳು ಮೊದಮೊದಲು ದಿನಾ ಫೋನಿನಲ್ಲಿ, "ಯಾವಾಗ ಬರ್ತೀಯಪ್ಪಾ?" ಎಂದು ಕೇಳುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಕೊನೆಗೆ ಕೇಳುವುದನ್ನೇ ಬಿಟ್ಟು ತನ್ನ ಹೊಸ ಗೆಳತಿಯ ನಾಯಿಯ ಬಗ್ಗೆ ಹೇಳತೊಡಗಿದಳು. ಆ ನಾಯಿ ನನ್ನ ಜಾಗದಲ್ಲಿ ಕೂತುಬಿಡುತ್ತದೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಸರಿ, ಬದಲಿ ಬಾಡಿಗೆದಾರರ ಬೇಟೆ ಶುರುವಾಯಿತು. ಅಲ್ಲಿ ಎದುರಾದ ತೊಡಕೂ ನಾನೇ. ವರ್ಷವಿಡೀ ನಾನು ಮನೆಯ ಕುಂದುಕೊರತೆಗಳ ಬಗ್ಗೆ ಮನೆಯೊಡತಿಗೆ ನೋಟಿಸುಗಳನ್ನು ಕೊಟ್ಟಿದ್ದೆ. ಬಾಯಲ್ಲಿ ಹೇಳಿದರೆ ಮುಗಿಯುತ್ತಿತ್ತು, ಆದರೆ ಕಸುಬು ಬಿಡಬೇಕಲ್ಲ. "ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಬಚ್ಚಲಿನ ನಲ್ಲಿಯು ಅವ್ಯಾಹತವಾಗಿ ಸೋರುತ್ತಲಿದ್ದು" ಎಂದು ಟೈಪು ಮಾಡಿ, ಅಂಗಡಿಯ ಷಟರಿನ ಕೆಳಗೆ ತೂರಿಸಿ ಬರುತ್ತಿದ್ದೆ. ಅವರು ಅದರ ಹಿಂಬದಿಯಲ್ಲಿ ಗಿರಾಕಿಗಳ ಸೊಂಟದ ಅಳತೆ ಬರೆದುಕೊಳ್ಳುತ್ತಿದ್ದರು.

ಈಗ ಅದೇ ಮನೆಯನ್ನು ನಾನೇ ಹೊಗಳಬೇಕು. ಮೊದಲು ಬಂದವರು ವ್ಯಾಯಾಮಶಾಲೆಯ ಇಬ್ಬರು ಹುಡುಗರು. ಕೊರಳಿಗೆ ಟೇಪು ನೇತುಹಾಕಿಕೊಂಡು ಮನೆಯೊಡತಿಯೂ ಮೇಲೆ ಬಂದರು.

"ಗಾಳಿ ಬೆಳಕಿಗೇನೂ ಕೊರತೆ ಇಲ್ಲ," ಎಂದೆ ನಾನು.

"ಕಿಟಕಿ ಮುಚ್ಚೋಕೆ ಬರಲ್ಲ, ಅದಕ್ಕೇ," ಎಂದರು ಅವರು. "ಇವರೇ ಬರೆದುಕೊಟ್ಟಿದ್ದಾರೆ."

"ನೀರು ಇಪ್ಪತ್ನಾಲ್ಕು ಗಂಟೆ."

"ಹೌದು, ನಿಲ್ಲೋದೇ ಇಲ್ಲ. ಅದನ್ನೂ ಬರೆದಿದ್ದಾರೆ."

ಹುಡುಗರು ನನ್ನ ಮುಖ ನೋಡಿದರು. ನಾನು ಹಲ್ಲು ಕಿರಿದೆ. ಅವರು ಮೂರನೇ ಮೆಟ್ಟಿಲಿನ ಕಿರುಗುಟ್ಟುವಿಕೆಯನ್ನು ಕೇಳಿಸಿಕೊಳ್ಳುತ್ತಾ ಇಳಿದುಹೋದರು. ಆ ಮೆಟ್ಟಿಲಿನ ಬಗ್ಗೆಯೂ ನನ್ನದೊಂದು ನೋಟಿಸು ಇತ್ತು, ಜ್ಞಾಪನಪತ್ರ ಸಮೇತ. ಅವರ ಹಿಂದೆ ಬಂದ ದಂಪತಿಗಳದ್ದೂ ಇದೇ ಕತೆ. ಹೇಳಿದ್ದರಲ್ಲಿ ಒಂದಾದರೂ ಸುಳ್ಳು ಎಂದು ಮನೆಯೊಡತಿಯನ್ನು ಹಿಡಿಯೋಣವೆಂದರೆ ಎಲ್ಲವೂ ನನ್ನವೇ ಮಾತುಗಳು.

ಕೊನೆಗೆ ಮೈಯೆಲ್ಲ ಉರಿದು, "ಒಂದು ಸ್ಕ್ರೂಡ್ರೈವರ್ ಇದ್ದರೆ ಕೊಡಿ," ಎಂದೆ. ಅವರು ಮೆಷಿನ್ನಿನ ಖಾನೆಯಿಂದ ತೆಗೆದುಕೊಟ್ಟರು. ಎಷ್ಟೋ ದಿನದಿಂದ ಕೊಡಲು ಕಾದಿದ್ದವರ ಹಾಗೆ ಕೊಟ್ಟರು ಎಂದು ಈಗ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಕಿಟಕಿಯಿಂದ ಶುರುಮಾಡಿದೆ. ಎರಡು ಸ್ಕ್ರೂ ಬಿಗಿ ಮಾಡಿದ್ದೇ ತಡ, ಕಿಟಕಿ ಬಾಯಿ ಮುಚ್ಚಿತು. ಮೆಟ್ಟಿಲಿಗೆ ಒಂದು ಮೊಳೆ ಸಾಕಾಯಿತು. ನಲ್ಲಿಗೆ ವಾಷರ್ ಬೇಕಿತ್ತು. ಎಲ್ಲಿ ಸಿಗುತ್ತದೋ ಎಂದುಕೊಳ್ಳುತ್ತಾ, ಹಳೆಯದನ್ನು ಕೀಳಲು ಅಡುಗೆಮನೆಯ ಖಾನೆಯಲ್ಲಿ ಚಾಕು ಹುಡುಕಿದರೆ, ಅಲ್ಲಿ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ವಾಷರ್. ಹೆಂಡತಿ ತಂದಿಟ್ಟದ್ದು. ಯಾವಾಗಲೋ ತಂದಿಟ್ಟು, "ಸ್ವಲ್ಪ ಹಾಕ್ತೀರಾ?" ಎಂದು ಹೇಳಿದ್ದಳು. ಆಗ ನಾನು ಆ ನಲ್ಲಿಯ ಮೇಲೆಯೇ ನೋಟಿಸು ಬರೆಯುತ್ತಿದ್ದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಒಂದು ವರ್ಷದ ನನ್ನ ಸಾಹಿತ್ಯಕೃಷಿ ಅರ್ಧ ದಿನಕ್ಕೂ ಸಾಲಲಿಲ್ಲ. ನಲ್ಲಿಯ ಸದ್ದಿಲ್ಲದ ಆ ಬಚ್ಚಲಲ್ಲಿ ನಿಂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಟ್ಟಲು ಬೇರೆ ಯಾರೂ ಇರಲಿಲ್ಲ.

ಆ ವಾರವೇ ನಿವೃತ್ತ ಬಸ್ ಡ್ರೈವರ್ ಒಬ್ಬರು ಹೆಂಡತಿಯ ಜೊತೆ ಬಂದರು. ಚಪ್ಪಲಿಯನ್ನು ಸಾಲಾಗಿ ಬಿಟ್ಟು ಒಳಗೆ ಬಂದರು. ಮನೆ ಹಿಡಿಸಿತು. ಬಾಡಿಗೆಗೆ ಚೌಕಾಸಿ ಮಾಡಲಿಲ್ಲ. ಮನೆಯೊಡತಿಯೂ ಈ ಸಲ ಏನೂ ಹೇಳಲಿಲ್ಲ, ಹೇಳಲು ನಾನು ಏನನ್ನೂ ಉಳಿಸಿರಲಿಲ್ಲ. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ. ಅವರು ಹೋದ ಮೇಲೆ ಮನೆಯೊಡತಿ, "ಬೇಡ," ಎಂದರು.

ನನಗೆ ತಲೆ ಕೆಟ್ಟಿತು. "ಯಾಕೆ ಬೇಡ? ಇದಕ್ಕಿಂತ ಒಳ್ಳೇ ಜನ ಎಲ್ಲಿ ಸಿಗ್ತಾರೆ? ಒಪ್ಪಿಗೆ ಅಂದರೆ ನಿಮ್ಮ ಮನಸ್ಸಿಗೆ ಬಂದ ಹಾಗೆ ಅಂತಲ್ಲ. ಸಕಾರಣ ಇರಬೇಕು. ಕಾರಣ ಹೇಳಿ."

ಅವರು ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದರು. ಅಷ್ಟು ಸೂಜಿ ತೆಗೆಯುತ್ತಿದ್ದಾರೆಂದರೆ ಮಾತು ದೊಡ್ಡದೇ ಇರಬೇಕು ಎಂದು ನನಗೆ ಅಳುಕಾಯಿತು.

"ಕಾರಣ ನಿಮ್ಮ ಹೆಂಡತಿ," ಎಂದರು. "ಹೊರಡೋ ದಿನ ಇಲ್ಲಿಗೆ ಬಂದಿದ್ದಳು. ಅಮ್ಮ, ಅವರು ಬರೆದ ಷರತ್ತಿದೆಯಲ್ಲ, ಅದನ್ನ ಸ್ವಲ್ಪ ದಿನ ಗಟ್ಟಿಯಾಗಿ ಹಿಡ್ಕೊಳ್ಳಿ ಅಂದಳು. ಒಂದಿಷ್ಟು ದಿನ ಯಾರ ದೂರೂ ಕೇಳದೆ ಉಸಿರಾಡಬೇಕು ಅಂದಳು."

"ಎಷ್ಟು ದಿನ?" ನನ್ನ ಬಾಯಿಂದ ಬಂದ ಮೊದಲ ಮಾತೇ ಅದು. ಅವಧಿ ಕೇಳಿಯೇ ಅಭ್ಯಾಸವಾದ ಬಾಯಿ.

"ಬರೆದುಕೊಟ್ಟಿಲ್ಲ. ಅವಳು ನಿಮ್ಮ ಹಾಗಲ್ಲ," ಎಂದರು. ಆಮೇಲೆ ದನಿ ಇಳಿಸಿ, "ಡ್ರೈವರಿಗೆ ಒಂದು ವಾರ ಕಾಯಿರಿ ಅಂದಿದ್ದೀನಿ. ಮೊದಲು ಅವಳಿಗೆ ಫೋನ್ ಮಾಡಿ," ಎಂದರು.

ಅವಮಾನವಾಯಿತು. ಸಿಟ್ಟೂ ಬಂತು. ಮೆಟ್ಟಿಲು ಹತ್ತುವಾಗಲೇ ತಲೆಯಲ್ಲಿ ಒಂದು ನೋಟಿಸು ಸಿದ್ಧವಾಗುತ್ತಿತ್ತು. ಮೂರನೇ ಮೆಟ್ಟಿಲು ಸದ್ದು ಮಾಡದೇ ಇದ್ದದ್ದರಿಂದ ಅದು ಅಲ್ಲಿಗೇ ನಿಂತಿತು. ಮನೆಯಲ್ಲಿ ನಾನು ಹೇಗಿದ್ದೆ ಎಂದು ನೆನಪಾಯಿತು. ಉಪ್ಪು ಕಡಿಮೆಯಾದರೆ ಒಂದು ದೂರು, ಟವೆಲು ಜಾಗ ಬದಲಾದರೆ ಇನ್ನೊಂದು. ಮಗಳ ಶೂ ಬಾಗಿಲಲ್ಲಿ ಬಿದ್ದಿದ್ದರೆ, "ಈ ಮೂಲಕ ಎಚ್ಚರಿಸುವುದೇನೆಂದರೆ," ಎಂದು ಶುರುಮಾಡುತ್ತಿದ್ದೆ. ಆಟವೆಂದುಕೊಂಡು ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಯಾವಾಗ ನಗುವುದನ್ನು ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲವಲ್ಲ ಎಂದು ಕಣ್ಣು ಒದ್ದೆಯಾಯಿತು.

ಫೋನ್ ಮಾಡಿದೆ. "ನೀನು ಕೆಳಗಿನ ಅಮ್ಮನಿಗೆ ಹೇಳಿಹೋಗಿದ್ದು ಗೊತ್ತಾಯ್ತು," ಎಂದೆ.

"ಹೂಂ. ಹೇಳಿದ್ದೆ," ಎಂದಳು ಹೆಂಡತಿ.

"ನನಗೇ ಹೇಳಬಹುದಿತ್ತು."

"ತುಂಬಾ ಸಲ ಹೇಳಿದೆ. ನೀವು ಉತ್ತರ ಕೊಡ್ತಿದ್ರಿ."

ಅದಕ್ಕೂ ಒಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ. ಅದರ ಬದಲು, "ಬಚ್ಚಲಿನ ನಲ್ಲಿ ಈಗ ಸೋರಲ್ಲ," ಎಂದೆ.

"ಯಾರು ಬಂದು ಮಾಡಿದ್ರು?"

"ನಾನೇ. ನೀನು ತಂದಿಟ್ಟ ವಾಷರ್ ಇತ್ತಲ್ಲ."

ಆ ಕಡೆಯಿಂದ ಮೂಗೆಳೆಯುವ ಸದ್ದು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

"ಸಿಕ್ತಾ ಅದು," ಎಂದಳು ಕೊನೆಗೆ. ಆಮೇಲೆ, "ಬನ್ನಿ. ಇದ್ದು ನೋಡೋಣ. ಆಗಲ್ಲ ಅನ್ನಿಸಿದ ದಿನ ಹೇಳ್ತೀನಿ. ಆಗ ವಾದ ಮಾಡಬಾರದು," ಎಂದಳು.

ಎಷ್ಟು ದಿನ ಮುಂಚೆ ತಿಳಿಸುತ್ತೀ, ಯಾವ ಯಾವ ಕಾರಣಕ್ಕೆ, ತಿದ್ದಿಕೊಳ್ಳಲು ಅವಕಾಶವುಂಟೇ ಎಂಬ ಪ್ರಶ್ನೆಗಳೆಲ್ಲ ಗಂಟಲಿಗೆ ಬಂದವು. ಉಗುಳಿನ ಜೊತೆ ನುಂಗಿಕೊಂಡೆ.

"ಆಯ್ತು," ಎಂದೆ.

ಡ್ರೈವರ್ ದಂಪತಿಗಳ ಕರಾರನ್ನು ನಾನೇ ಬರೆದುಕೊಟ್ಟೆ. ಆ ಷರತ್ತನ್ನು ಹಾಕಲೇ ಎಂದು ಕೇಳಿದ್ದಕ್ಕೆ ಮನೆಯೊಡತಿ ಬಾಯಿ ತುಂಬ ಸೂಜಿ ಇಟ್ಟುಕೊಂಡು ತಲೆಯಾಡಿಸಿದರು, ಬೇಡ ಎಂದು. ಸ್ಕ್ರೂಡ್ರೈವರ್ ಹಿಂದಿರುಗಿಸಲು ಹೋದರೆ ತೆಗೆದುಕೊಳ್ಳಲಿಲ್ಲ.

ಆ ಊರಿನ ಮನೆ ಹುಡುಕಿಕೊಂಡು ಹೋಗಿ, ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಬಾಗಿಲು ತಟ್ಟಿದೆ. ಮಗಳು ತೆರೆದಳು. ಒಂದಿಷ್ಟು ಉದ್ದವಾಗಿದ್ದಳು. ಅವಳ ಶೂ ಬಾಗಿಲಿಗೆ ಅಡ್ಡ ಬಿದ್ದಿತ್ತು. ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಅವಳು ಶೂವನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಎಷ್ಟು ದಿನ ಇರ್ತೀಯಪ್ಪಾ?" ಎಂದಳು.

"ಗೊತ್ತಿಲ್ಲ ಪುಟ್ಟಿ. ಅಮ್ಮನ್ನ ಕೇಳಬೇಕು," ಎಂದೆ.

ಅವಳು ಕೇಳಲು ಒಳಗೆ ಓಡಿದಳು. ನಾನು ಚಪ್ಪಲಿ ಬಿಟ್ಟು, ಪೆಟ್ಟಿಗೆ ಕೆಳಗಿಡದೆ, ಹೊಸ್ತಿಲಿನ ಈಚೆಯೇ ನಿಂತುಕೊಂಡೆ.