ಹೊಸ ನಂಬರಿನ ಕಾರು

ರಾಜ್ಯ ಬಿಟ್ಟು ರಾಜ್ಯಕ್ಕೆ ಬಂದ ತಪ್ಪಿಗೆ ನಮ್ಮ ಕಾರಿಗೆ ಹೊಸ ನಂಬರು, ನನ್ನ ಲೈಸೆನ್ಸಿಗೆ ಹೊಸ ವಿಳಾಸ ಬೇಕಿತ್ತು. ಸಾರಿಗೆ ಕಚೇರಿಗೆ ಅಲೆದಲೆದು ಚಪ್ಪಲಿ ಸವೆದಿತ್ತು. ಇವತ್ತು ಕಚೇರಿಯ ಅಂಗಳದಲ್ಲೇ ನಂಬರ್ ಪ್ಲೇಟ್ ಬದಲಿಸಲು ಮೆಕ್ಯಾನಿಕ್ ಕೈಗೆ ಕಾರು ಒಪ್ಪಿಸಿದೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಅತ್ತೆಯನ್ನು ಎಬ್ಬಿಸದೆ, ಲೈಸೆನ್ಸಿನ ಫೋಟೊ ತೆಗೆಸಲು ಒಳಗೆ ಹೋದೆ.

"ಸ್ವಲ್ಪ ಅಲ್ಲಾಡ್ದೆ ಕೂತ್ಕೊಳ್ಳಿ ಮೇಡಂ," ಎಂದು ಗುಮಾಸ್ತ ಗದರುತ್ತಲೇ ಇದ್ದ. ಅತ್ತೆಯನ್ನು ಕಾರಿನಲ್ಲೇ ಬಿಟ್ಟು ಬಂದ ಚಿಂತೆಗೆ ನನ್ನ ಕಾಲು ನಿಲ್ಲಬೇಕಲ್ಲ! ಫೋಟೊ ಮುಗಿದದ್ದೇ ತಡ, ಹೊರಗೆ ಓಡಿದೆ.

ನಿಲ್ಲಿಸಿದ್ದ ಜಾಗದಲ್ಲಿ ಕಾರಿಲ್ಲ. ಅತ್ತೆಯೂ ಇಲ್ಲ. ಬಿಳಿ ಕಾರುಗಳ ಸಾಲಿನಲ್ಲಿ ಒಂದೊಂದೇ ನಂಬರು ಓದುತ್ತ ಗಾಣದೆತ್ತಿನಂತೆ ಸುತ್ತಿದೆ. ಕೊನೆಗೆ ಮರದ ನೆರಳಲ್ಲಿದ್ದ ಯಾರದೋ ಕಾರಿನ ಬಾನೆಟ್ಟಿಗೆ ಗುದ್ದಿ, ಕಾವಲುಗಾರನ ಮೇಲೆ ಹರಿಹಾಯ್ದೆ.

"ನಮ್ಮತ್ತೆ ಸಮೇತ ಕಾರು ಹೋಗಿದೆ! ನೀವೇನ್ ನಿದ್ದೆ ಮಾಡ್ತಿದ್ರಾ?"

"ನಂಬರ್ ಹೇಳಿ ಅಮ್ಮ."

ಹನ್ನೊಂದು ವರ್ಷ ಬಾಯಲ್ಲಿದ್ದ ನಂಬರನ್ನು ಒಂದೇ ಉಸಿರಿಗೆ ಒದರಿದೆ.

ನಾನು ಗುದ್ದಿದ ಕಾರಿನ ಹಿಂದಿನ ಬಾಗಿಲು ತೆರೆಯಿತು. ಅತ್ತೆ ಕಣ್ಣುಜ್ಜಿಕೊಳ್ಳುತ್ತ ತಲೆ ಹೊರಗೆ ಹಾಕಿದರು.

"ಅದು ಹಳೇ ನಂಬರಲ್ವೇನೇ? ಮೆಕ್ಯಾನಿಕ್ ಹೊಸ ಪ್ಲೇಟ್ ಹಾಕಿ ಕಾರನ್ನ ನೆರಳಿಗೆ ತಂದು ನಿಲ್ಲಿಸ್ದ. ಕಾರೂ ಬಂತು, ನಾನೂ ಬಂದೆ. ಈ ಊರಿಗೆ ನೀನ್ಯಾವಾಗ ಬರ್ತೀಯ?"